ಬಿಸಿಲೂರಿನಲ್ಲಿ ವಿಟಮಿನ್ ಡಿ ಕೊರತೆ: ಕಿಡ್ನಿ ಕಸಿಯ ನಂತರದ ನನ್ನ ಹನ್ನೊಂದು ತಿಂಗಳು

ಕಳೆದ ವಾರ ಬಂದ ರಕ್ತಪರೀಕ್ಷೆಯ ವರದಿಯಲ್ಲಿ ನನ್ನ ವಿಟಮಿನ್ ಡಿ ಪ್ರಮಾಣ 34 ಎಂದಿತ್ತು. ಹನ್ನೊಂದು ತಿಂಗಳ ಹಿಂದೆ, 2024ರ ಜನವರಿಯಲ್ಲಿ, ಅದೇ ಸಾಲಿನಲ್ಲಿ 9.4 ಎಂದಿತ್ತು. ಒಂದು ತಪ್ಪು ಪರೀಕ್ಷೆ, ಒಂದು ಅವಸರದ ಇಂಜೆಕ್ಷನ್, ನಾಲ್ಕು ದಿನಗಳ ಆಸ್ಪತ್ರೆವಾಸ, ಅವ್ವ ಕೊಟ್ಟ ಕಿಡ್ನಿ ಕೈತಪ್ಪಿ ಹೋಗುತ್ತಿದೆಯೆಂಬ ಭಯದಲ್ಲಿ ಕಳೆದ ಒಂದು ರಾತ್ರಿ, ಇಷ್ಟೂ ಈ ಎರಡು ಅಂಕಿಗಳ ನಡುವೆ ಆಗಿಹೋದವು. ಕಿಡ್ನಿ ಕಸಿ ಮಾಡಿಸಿಕೊಂಡಿರುವ ಇಬ್ಬರು ಪರಿಚಿತರು, ಒಬ್ಬರು ಸಿಂಧನೂರಿನವರು, ಇನ್ನೊಬ್ಬರು ಲಿಂಗಸುಗೂರಿನವರು, ಈಚೆಗೆ ಫೋನು ಮಾಡಿ ನನಗಿದ್ದಂಥದೇ ಕಾಲುನೋವಿನ ಬಗ್ಗೆ ಕೇಳಿದರು. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಪೂರ್ತಿಯಾಗಿ ಬರೆದಿಡಬೇಕೆನಿಸಿತು.

ನಾನು ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ, ವೈದ್ಯಕೀಯ ಓದಿದವಳಲ್ಲ. ಎರಡು ವರ್ಷ ಡಯಾಲಿಸಿಸ್ ಮಾಡಿಸಿಕೊಂಡ ಮೇಲೆ 2022ರ ಆಗಸ್ಟ್‌ನಲ್ಲಿ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ನನಗೆ ಕಸಿಯಾಯಿತು. ರಾಯಚೂರು ಸೀಮೆಯ ಅನೇಕರಂತೆ ನಮಗೂ ದೊಡ್ಡ ಆಸ್ಪತ್ರೆಯೆಂದರೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದೇ. ದಾನಿ ನನ್ನ ಅವ್ವ. ತಾಯಿ, ತಂದೆ, ಒಡಹುಟ್ಟಿದವರು, ಗಂಡ ಹೆಂಡತಿ, ಮಕ್ಕಳು ಮೊದಲಾದವರನ್ನು 1994ರ ಅಂಗಾಂಗ ಕಸಿ ಕಾಯ್ದೆ ಮತ್ತು ಅದರ ತಿದ್ದುಪಡಿ ಹತ್ತಿರದ ಸಂಬಂಧಿಗಳೆಂದು ಪರಿಗಣಿಸುವುದರಿಂದ ಕಾಗದಪತ್ರದ ಕೆಲಸ ಅಷ್ಟಾಗಿ ಕಾಡಲಿಲ್ಲ. ಕಸಿಯಾದ ಮೂರನೆಯ ವಾರಕ್ಕೆ ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.1ಕ್ಕೆ ಇಳಿದು ಅಲ್ಲಿಯೇ ನಿಂತಿತು. ಅಂದಿನಿಂದ ನಮ್ಮ ಮನೆಯಲ್ಲಿ ಆರೋಗ್ಯವೆಂದರೆ ಆ ಒಂದೇ ಅಂಕಿ ಎಂಬಂತಾಯಿತು. ಪ್ರತಿ ತಿಂಗಳೂ ಕ್ರಿಯಾಟಿನಿನ್, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ನುಂಗುವ ಟ್ಯಾಕ್ರೋಲಿಮಸ್ ಔಷಧಿಯ ಮಟ್ಟ, ರಕ್ತಕಣಗಳ ಎಣಿಕೆ, ಸಕ್ಕರೆ ಮತ್ತು ಮೂತ್ರದ ಪರೀಕ್ಷೆ ಮಾಡಿಸುತ್ತಿದ್ದೆವು. ಆ ಪಟ್ಟಿಯಲ್ಲಿ ವಿಟಮಿನ್ ಡಿ ಇರಲಿಲ್ಲ. ಇರಬೇಕೆಂದು ನಮಗೂ ಹೊಳೆದಿರಲಿಲ್ಲ.

2023ರ ನವೆಂಬರ್ ಹೊತ್ತಿಗೆ ತೊಂದರೆ ಶುರುವಾಯಿತು. ನಮ್ಮೂರಿನ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಸ್ವಲ್ಪ ಎತ್ತರಕ್ಕಿರುತ್ತದೆ. ಮೊದಲು ಯೋಚಿಸದೆ ಹತ್ತುತ್ತಿದ್ದ ಆ ಮೆಟ್ಟಿಲಿಗೆ ಬಲಗಾಲು ಇಟ್ಟ ಮೇಲೆ ತೊಡೆಯಲ್ಲಿ ಬಲವೇ ಬಾರದೆ, ಎರಡೂ ಕೈಗಳಿಂದ ಕಂಬಿಯನ್ನು ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕಾಯಿತು. ಕರಿಹಲಗೆಯ ಮೇಲಿನ ಸಾಲಿನಲ್ಲಿ ಬರೆಯಲು ಕೈ ಎತ್ತಿದರೆ ಎರಡು ನಿಮಿಷಕ್ಕೆ ಭುಜ ಸೋಲುತ್ತಿತ್ತು. ನೆಲದ ಮೇಲೆ ಊಟಕ್ಕೆ ಕುಳಿತರೆ ಗೋಡೆಯನ್ನೋ ಮಗನ ಹೆಗಲನ್ನೋ ಹಿಡಿಯದೆ ಏಳಲಾಗುತ್ತಿರಲಿಲ್ಲ. ಒಂದು ರಾತ್ರಿ ಕಾಲು ಒತ್ತಿಕೊಳ್ಳುತ್ತಿದ್ದಾಗ ಮೊಣಕಾಲ ಕೆಳಗಿನ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳು ತಾಗಿದ್ದೇ ತಡ, ಹುಣ್ಣನ್ನು ಮುಟ್ಟಿದಂತೆ ನೋವಾಯಿತು. ನನಗಿದ್ದದ್ದು ಸ್ನಾಯುವಿನ ಆಯಾಸವೆಂದೇ ನಂಬಿದ್ದ ನಾನು, ಎಲುಬೂ ನೋಯುತ್ತಿದೆಯೆಂದು ತಿಳಿದದ್ದು ಆಗಲೇ.

ನಾನು ನುಂಗುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್‌ನಿಂದ ಹೀಗಾಗುತ್ತದೆಂದು ಒಬ್ಬರು ಹೇಳಿದರು, ನಲವತ್ತು ದಾಟಿದ ಹೆಂಗಸರಿಗೆಲ್ಲ ಇದು ಇದ್ದದ್ದೇ ಎಂದು ಇನ್ನೊಬ್ಬರು ಹೇಳಿದರು. ನಾನು ತೋರಿಸಿದ ಮೊದಲ ದವಾಖಾನೆಯಲ್ಲಿ ನೋವಿನ ಗುಳಿಗೆ ಬರೆದುಕೊಟ್ಟರು. ಕಸಿಯಾದವರು ಇಲ್ಲಿ ಎಚ್ಚರದಿಂದ ಇರಬೇಕೆಂದು ನಾನು ಒತ್ತಿ ಹೇಳಬಯಸುತ್ತೇನೆ: ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತದ ಹರಿವನ್ನು ಕುಗ್ಗಿಸುತ್ತವೆ, ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರಿಗಂತೂ ಆ ಅಪಾಯ ಇನ್ನೂ ಹೆಚ್ಚು. ನನ್ನ ಆಸ್ಪತ್ರೆಯವರು ಬಿಡುಗಡೆಯ ದಿನವೇ ಇದನ್ನು ಬರೆದುಕೊಟ್ಟಿದ್ದರಿಂದ ಆ ಚೀಟಿಯನ್ನು ಮಡಚಿಟ್ಟೆ, ಪ್ಯಾರಸಿಟಮಾಲ್ ಮಾತ್ರ ನುಂಗಿದೆ.

ಡಿಸೆಂಬರ್ ಕೊನೆಗೆ ಹೈದರಾಬಾದಿನ ನನ್ನ ನೆಫ್ರಾಲಜಿಸ್ಟ್‌ಗೆ, ಅಂದರೆ ಕಿಡ್ನಿ ತಜ್ಞರಿಗೆ, ಫೋನು ಮಾಡಿ ವಿವರ ಹೇಳಿದಾಗ, ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್ ಎಂಬ ಹಾರ್ಮೋನು ಹಾಗೂ ವಿಟಮಿನ್ ಡಿ ನೋಡಿಸಿ, ಮುಂದಿನ ಭೇಟಿಗೆ ವರದಿ ತನ್ನಿ ಎಂದರು. ನಾನು ಬರೆದುಕೊಳ್ಳಲು ಕಾಗದವನ್ನೂ ಹಿಡಿದಿರಲಿಲ್ಲ. ನಾಲ್ಕರಲ್ಲಿ ವಿಟಮಿನ್ ಡಿ ಒಂದೇ ತಲೆಯಲ್ಲಿ ಉಳಿಯಿತು, ಉಳಿದ ಮೂರನ್ನು ಮರೆತೆ. ಮುಂದೆ ಆದ ಅನರ್ಥಕ್ಕೆ ಈ ಮರೆವೂ ಒಂದು ಕಾರಣ.

ರಕ್ತ ಕೊಡುವ ಕೇಂದ್ರದಲ್ಲಿ ಮೊದಲ ಎಡವಟ್ಟಾಯಿತು. ವಿಟಮಿನ್ ಡಿ ಪರೀಕ್ಷೆಯಲ್ಲಿ ಎರಡು ಬಗೆಗಳಿವೆಯೆಂದು ನನಗೆ ಗೊತ್ತಿರಲಿಲ್ಲ, ಕೌಂಟರಿನಲ್ಲಿದ್ದ ಹುಡುಗನಿಗೂ ಗೊತ್ತಿದ್ದಂತಿರಲಿಲ್ಲ. ಅವನು ಪಟ್ಟಿಯಲ್ಲಿ ಮೊದಲು ಸಿಕ್ಕಿದ್ದನ್ನು ಒತ್ತಿದ. ಅದು 1,25 ಡೈಹೈಡ್ರಾಕ್ಸಿ ವಿಟಮಿನ್ ಡಿ ಆಗಿತ್ತು. 3,200 ರೂಪಾಯಿ ಕಟ್ಟಿಸಿಕೊಂಡು, ಮಾದರಿ ಬೇರೆ ಊರಿಗೆ ಹೋಗಬೇಕೆಂದರು. ಒಂಬತ್ತನೆಯ ದಿನ ವರದಿ ಬಂತು, ಎಲ್ಲವೂ ಸರಿಯಾಗಿದೆಯೆಂದು ತೋರಿಸಿತು. ನಾನು ನೆಮ್ಮದಿಯಿಂದ ಆ ವರದಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ, ಇದು ಬೇಕಾದ ಪರೀಕ್ಷೆಯಲ್ಲ, 25 ಹೈಡ್ರಾಕ್ಸಿ ಮಾಡಿಸಿ ಎಂಬ ಉತ್ತರ ಬಂತು. ಎರಡನೆಯ ಬಾರಿ ಚೀಟಿಯ ಮೇಲೆ ಅಂಕಿಯನ್ನೇ ಬರೆದುಕೊಂಡು ಹೋದೆ, 1,400 ರೂಪಾಯಿ ಆಯಿತು, ಮೂರನೆಯ ದಿನಕ್ಕೆ 9.4 ಎಂಬ ಫಲಿತಾಂಶ ಬಂತು.

ಒಂದೇ ವ್ಯಕ್ತಿಯ ರಕ್ತದಲ್ಲಿ ಒಂದು ಪರೀಕ್ಷೆ ಸರಿಯೆಂದೂ ಇನ್ನೊಂದು ತೀರಾ ಕೊರತೆಯೆಂದೂ ಹೇಗೆ ಹೇಳಬಲ್ಲವು ಎಂಬುದು ನನಗೆ ಆಮೇಲೆ ಅರ್ಥವಾಯಿತು. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಮೇಲೆ ಬಿದ್ದಾಗ ಅಲ್ಲಿ ವಿಟಮಿನ್ ಡಿ ಮೂಲರೂಪದಲ್ಲಿ ತಯಾರಾಗುತ್ತದೆ. ಯಕೃತ್ತು ಅದನ್ನು 25 ಹೈಡ್ರಾಕ್ಸಿ ರೂಪಕ್ಕೆ ಬದಲಾಯಿಸುತ್ತದೆ. ಇದು ದೇಹದ ದಾಸ್ತಾನು, ಕೊರತೆಯನ್ನು ಅಳೆಯಬೇಕಾದದ್ದು ಇದನ್ನೇ. ಕೊನೆಗೆ ಕಿಡ್ನಿ ಅದನ್ನು ಕ್ಯಾಲ್ಸಿಟ್ರಿಯಾಲ್ ಎಂಬ, ಕೆಲಸ ಮಾಡುವ ರೂಪಕ್ಕೆ ತರುತ್ತದೆ. ದಾಸ್ತಾನು ಕಡಿಮೆಯಾದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಹಾರ್ಮೋನನ್ನು ಹೆಚ್ಚಿಸಿ, ಇದ್ದಷ್ಟನ್ನೇ ಬೇಗ ಬೇಗ ಕೆಲಸದ ರೂಪಕ್ಕೆ ತಿರುಗಿಸುವಂತೆ ಕಿಡ್ನಿಯನ್ನು ಒತ್ತಾಯಿಸುತ್ತವೆ. ಆದ್ದರಿಂದ ಗೋದಾಮು ಖಾಲಿಯಾಗುತ್ತಿದ್ದರೂ ಅಂಗಡಿಯಲ್ಲಿ ಸರಕು ಕಾಣುತ್ತಿರುತ್ತದೆ. ನಾನು ಮೊದಲು ಅಳೆಸಿದ್ದು ಅಂಗಡಿಯನ್ನು. ಪರೀಕ್ಷೆಗೆ ಹೋಗುವವರು 25 ಹೈಡ್ರಾಕ್ಸಿ ಎಂದು ಬರೆಸಿಕೊಂಡೇ ಹೋಗಿರಿ, ವರದಿಯಲ್ಲಿ ಮಾನ ಯಾವುದೆಂದೂ ನೋಡಿರಿ. ನಮ್ಮಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ ನ್ಯಾನೋಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. 20ಕ್ಕಿಂತ ಕಡಿಮೆಯಿದ್ದರೆ ಕೊರತೆ, 20ರಿಂದ 30ರ ನಡುವೆ ಇದ್ದರೆ ಸಾಲದು ಎಂದು ಹೆಚ್ಚಿನ ವೈದ್ಯರು ಎಣಿಸುತ್ತಾರೆ. ಕೆಲವು ಕಡೆ ಲೀಟರಿಗೆ ನ್ಯಾನೋಮೋಲ್ ಲೆಕ್ಕವಿದ್ದು, ಅಲ್ಲಿ ಅಂಕಿ ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ, ನಮ್ಮ 30 ಅಲ್ಲಿ 75 ಆಗುತ್ತದೆ.

ಅವ್ವನಿಗೆ ಸಂಗತಿ ತಿಳಿಸಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, "ಬಿಸಿಲಾಗ ಹುಟ್ಟಿ ಬಿಸಿಲಾಗ ಬೆಳದಾಕಿಗೆ ಬಿಸಿಲು ಕಮ್ಮಿ ಬಿದ್ದದ ಅಂದ್ರ ಯಾರು ನಂಬ್ತಾರವಾ" ಎಂದಳು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಆದರೆ ಲೆಕ್ಕ ಹಾಕಿ ನೋಡಿದಾಗ ನನ್ನ ಮೈಮೇಲೆ ಬಿಸಿಲು ಬಿದ್ದು ಎಷ್ಟು ಕಾಲವಾಗಿತ್ತೆಂದು ನನಗೇ ದಿಗಿಲಾಯಿತು. ಪ್ರತಿರೋಧ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಚರ್ಮದ ಕ್ಯಾನ್ಸರಿನ ಸಾಧ್ಯತೆ ಹೆಚ್ಚುವುದರಿಂದ, ಸುಡುಬಿಸಿಲಿಗೆ ಹೋಗಬೇಡಿ, ಮೈ ಮುಚ್ಚಿಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿದ್ದರು. ನಾನು ಆ ಮಾತನ್ನು ಅಕ್ಷರಶಃ ಪಾಲಿಸಿದ್ದೆ. ತುಂಬುತೋಳಿನ ಕುಪ್ಪಸ, ತಲೆಯ ಮೇಲೆ ಸೆರಗು, ಮುಖಕ್ಕೆ ಮಾಸ್ಕ್, ಕೈಯಲ್ಲಿ ಛತ್ರಿ, ಮನೆಯಿಂದ ಶಾಲೆ, ಶಾಲೆಯಿಂದ ಮನೆ. ಅದಕ್ಕೂ ಮುಂಚಿನ ಎರಡು ವರ್ಷ ಡಯಾಲಿಸಿಸ್ ಕೋಣೆಯಲ್ಲಿ ಮತ್ತು ಹಾಸಿಗೆಯಲ್ಲಿ ಕಳೆದಿದ್ದವು. ಕಿಟಕಿಯ ಗಾಜಿನ ಹಿಂದೆ ಬೆಳಕಿನಲ್ಲಿ ಕೂರುತ್ತಿದ್ದೆನೆಂದು ಸಮಾಧಾನ ಪಟ್ಟುಕೊಂಡಿದ್ದೆ. ಆದರೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಯುವಿಬಿ ಕಿರಣವನ್ನು ಗಾಜು ತಡೆದುಬಿಡುತ್ತದೆ. ಮೇಲಾಗಿ ದಿನಾಲೂ ನುಂಗುವ ಸ್ಟೀರಾಯ್ಡ್ ಕರುಳು ಕ್ಯಾಲ್ಸಿಯಂ ಹೀರುವುದನ್ನು ತಗ್ಗಿಸುತ್ತದೆ, ಎಲುಬು ಕಟ್ಟುವ ಕೆಲಸವನ್ನು ನಿಧಾನಗೊಳಿಸುತ್ತದೆ. ಹತ್ತನೆಯ ಇಯತ್ತೆಯ ಮಕ್ಕಳಿಗೆ ಇದನ್ನೆಲ್ಲ ಪಾಠದಲ್ಲಿ ಬಂದಷ್ಟು ಹೇಳಿಕೊಟ್ಟಿದ್ದ ನನಗೆ ಇದು ನನ್ನ ಮೈಗೂ ಅನ್ವಯಿಸುತ್ತದೆಂದು ತೋರದೆ ಹೋದದ್ದು ಇಂದಿಗೂ ನೋವಿನ ಸಂಗತಿ.

ಹೈದರಾಬಾದಿಗೆ ಹೋಗುವ ದಿನ ಫೆಬ್ರವರಿ ಕೊನೆಗಿತ್ತು. ಅಲ್ಲಿಯವರೆಗೆ ಕಾಯುವುದೇಕೆಂದು ಮನೆಯವರು ಹತ್ತಿರದ ಒಬ್ಬ ವೈದ್ಯರ ಬಳಿ ಕರೆದೊಯ್ದರು. ಅವರು ಒಳ್ಳೆಯ ಮನಸ್ಸಿನವರು, 9.4 ನೋಡಿ ನಿಜವಾಗಿಯೂ ಕಳವಳಪಟ್ಟರು. ಆರು ಲಕ್ಷ ಯೂನಿಟ್‌ನ ಇಂಜೆಕ್ಷನ್ ಒಂದನ್ನು ಸೊಂಟಕ್ಕೆ ಕೊಟ್ಟು, ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ ಸೇರಿದ ಗುಳಿಗೆಯನ್ನು ದಿನಕ್ಕೆ ಎರಡರಂತೆ ಬರೆದರು. ಬೇರೆಯವರಿಗೆ ಇದರಿಂದ ಏನೂ ಆಗದಿರಬಹುದು. ನನ್ನ ರಕ್ತದಲ್ಲಿ ಆಗಲೇ ಕ್ಯಾಲ್ಸಿಯಂ ಎಷ್ಟಿದೆ, ಪಿಟಿಎಚ್ ಎಷ್ಟಿದೆ ಎಂಬುದನ್ನು ಅವರು ನೋಡಲಿಲ್ಲ, ನಾನು ಮಾಡಿಸಿಕೊಂಡೂ ಹೋಗಿರಲಿಲ್ಲ, ನನ್ನ ನೆಫ್ರಾಲಜಿಸ್ಟ್‌ಗೆ ಒಂದು ಸಂದೇಶವನ್ನೂ ಕಳುಹಿಸಲಿಲ್ಲ.

ಎರಡು ವಾರ ಕಳೆದ ಮೇಲೆ ಬಾಯಾರಿಕೆ ಹತ್ತಿತು. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಊಟ ಸೇರದು, ಹೊಟ್ಟೆ ತೊಳಸುತ್ತದೆ, ಮಲಬದ್ಧತೆ, ಮಧ್ಯಾಹ್ನದ ಹೊತ್ತಿಗೆ ಕಣ್ಣು ಎಳೆಯುವಂಥ ಮಂಪರು. ಸಕ್ಕರೆ ಕಾಯಿಲೆ ಬಂತೇನೋ ಎಂದು ನೋಡಿಸಿದರೆ ಸಕ್ಕರೆ ಸರಿಯಾಗಿತ್ತು. ಅದರೊಂದಿಗೆ ಬಂದ ಕ್ರಿಯಾಟಿನಿನ್ 1.6 ಇತ್ತು. ಹದಿನೆಂಟು ತಿಂಗಳು 1.1ರಲ್ಲಿ ನಿಂತಿದ್ದ ಅಂಕಿ ಅದು. ವರದಿಯ ಕಾಗದ ಹಿಡಿದುಕೊಂಡು ನಾನು ಪಡಸಾಲೆಯಲ್ಲಿ ನಿಂತಿದ್ದಾಗ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಲ್ಲುವವರೆಗೆ ನನಗೆ ಆಕೆಯನ್ನು ಕರೆಯುವ ಧೈರ್ಯವಾಗಲಿಲ್ಲ.

ಅಂದೇ ರಾತ್ರಿ ಹೊರಟೆವು. ಮಾನ್ವಿಯಿಂದ ರಾಯಚೂರಿನವರೆಗೆ ಶಕ್ತಿ ಯೋಜನೆಯಲ್ಲಿ ನನಗೂ ಅವ್ವನಿಗೂ ಟಿಕೆಟ್ಟಿನ ಹಣ ಕೊಡಬೇಕಾಗಿರಲಿಲ್ಲ. ಅಲ್ಲಿಂದ ಮುಂದೆ ಹೈದರಾಬಾದ್ ಬಸ್ಸಿಗೆ ಟಿಕೆಟು ಮಾಡಿಸಿ ಐದು ತಾಸಿನ ದಾರಿ. ಮಹಬೂಬ್‌ನಗರ ದಾಟುವವರೆಗೂ ಅವ್ವ ನನ್ನ ಕೈ ಬಿಡಲಿಲ್ಲ. ಹೀಗೆ ದೂರದ ಆಸ್ಪತ್ರೆಗೆ ರಾತ್ರಿ ಹೊರಡುವವರು ಒಂದನ್ನು ನೆನಪಿಡಬೇಕು: ಟ್ಯಾಕ್ರೋಲಿಮಸ್ ಮಟ್ಟವನ್ನು ಬೆಳಗಿನ ಗುಳಿಗೆ ನುಂಗುವ ಮೊದಲು, ಹಿಂದಿನ ರಾತ್ರಿಯ ಗುಳಿಗೆಯಾಗಿ ಹನ್ನೆರಡು ತಾಸಿಗೆ ಸರಿಯಾಗಿ ಅಳೆಯಬೇಕು. ನಾನು ರಾತ್ರಿ ಒಂಬತ್ತಕ್ಕೆ ಬಸ್ಸಿನಲ್ಲೇ ನುಂಗಿದೆ, ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ರಕ್ತ ಕೊಟ್ಟೆ, ಆಮೇಲೆ ಬೆಳಗಿನದನ್ನು ನುಂಗಿದೆ. ಗುಳಿಗೆಗಳನ್ನು ಸೀಟಿನ ಮೇಲಿನ ಚೀಲದಲ್ಲಿ ಇಡದೆ ಮಡಿಲಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಆಸ್ಪತ್ರೆಯಲ್ಲಿ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯೇ ಎಂಬ ಅನುಮಾನದಿಂದಲೇ ತಪಾಸಣೆ ಆರಂಭವಾಯಿತು. ಮೂತ್ರ ಪರೀಕ್ಷೆ, ಡಾಪ್ಲರ್ ಸ್ಕ್ಯಾನ್ ಆದವು. ಬಯಾಪ್ಸಿ ಬೇಕಾಗಬಹುದೆಂದು ಒಪ್ಪಿಗೆ ಪತ್ರವನ್ನೂ ತಂದಿಟ್ಟರು. ಆಗ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಬಂದು, ಈಗ ನುಂಗುತ್ತಿರುವ ಎಲ್ಲ ಔಷಧಿಗಳನ್ನೂ ತೋರಿಸಿ, ಹೇಳುವುದು ಬೇಡ, ತೋರಿಸಿ ಎಂದರು. ಅವ್ವ ಬಟ್ಟೆಯ ಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಆ ವೈದ್ಯೆ ಒಂದೊಂದೇ ಪಟ್ಟಿಯನ್ನು ತಿರುಗಿಸಿ ಹೆಸರು ಓದುತ್ತ ಬಂದು, ಕ್ಯಾಲ್ಸಿಟ್ರಿಯಾಲ್ ಇದ್ದ ಪಟ್ಟಿಯಲ್ಲಿ ಖಾಲಿಯಾಗಿದ್ದ ಗುಳ್ಳೆಗಳನ್ನು ಬೆರಳಿಟ್ಟು ಎಣಿಸಿದರು. ಅದನ್ನು ಯಾವಾಗ ಶುರು ಮಾಡಿದಿರಿ ಎಂದು ಕೇಳಿದರು, ಇಂಜೆಕ್ಷನ್ನಿನ ಸಂಗತಿ ಆಗಲೇ ಹೊರಬಿದ್ದದ್ದು. ಒಂದು ತಾಸಿನೊಳಗೆ ಕ್ಯಾಲ್ಸಿಯಂ ವರದಿ ತರಿಸಿದರು. ಹತ್ತರ ಆಸುಪಾಸಿಗೆ ನಿಲ್ಲಬೇಕಾದದ್ದು 11.8 ಇತ್ತು. ಪಿಟಿಎಚ್ ಕೂಡ ಹೆಚ್ಚೇ ಇತ್ತು, 212.

ನನ್ನ ನೆಫ್ರಾಲಜಿಸ್ಟ್ ಸಂಜೆ ಬಂದು ತೆಲುಗಿನಲ್ಲಿ ವಿವರಿಸಿದ್ದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಕಿಡ್ನಿ ಕೆಟ್ಟಿದ್ದ ವರ್ಷಗಳಲ್ಲಿ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಗಲಿರುಳು ದುಡಿದು ದಪ್ಪಗಾಗಿರುತ್ತವೆ. ಹೊಸ ಕಿಡ್ನಿ ಬಂದ ಮೇಲೆ ಅನೇಕರಲ್ಲಿ ಅವು ಕ್ರಮೇಣ ಶಾಂತವಾಗುತ್ತವೆ, ಕೆಲವರಲ್ಲಿ ವರ್ಷಗಳವರೆಗೂ ಹಳೆಯ ಚಾಳಿಯನ್ನು ಬಿಡುವುದಿಲ್ಲ. ಅಂಥವರಲ್ಲಿ ಎಲುಬಿನಿಂದ ಕ್ಯಾಲ್ಸಿಯಂ ಕಳಚಿ ರಕ್ತಕ್ಕೆ ಬರುತ್ತಿರುತ್ತದೆ, ಮೂತ್ರದಲ್ಲಿ ಫಾಸ್ಫರಸ್ ಸೋರಿಹೋಗುತ್ತಿರುತ್ತದೆ. ಇದಾವುದನ್ನೂ ಅಳೆಯದೆ ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ ಕೊಟ್ಟದ್ದರಿಂದ ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತಾಯಿತು. ಅಂಗಡಿಯಲ್ಲಿ ಬೇರೆಬೇರೆ ಹೆಸರಿನಲ್ಲಿ ಸಿಗುವ ವಿಟಮಿನ್ ಡಿ ಔಷಧಿಗಳೆಲ್ಲ ಒಂದೇ ಅಲ್ಲ ಎಂಬುದನ್ನು ಅವರು ಎರಡು ಸಲ ಹೇಳಿದರು. ಕೊಲೆಕ್ಯಾಲ್ಸಿಫೆರಾಲ್ ದಾಸ್ತಾನನ್ನು ತುಂಬುತ್ತದೆ, ಅದನ್ನು ಎಷ್ಟು ಬಳಸಬೇಕೆಂದು ದೇಹ ಒಂದು ಮಟ್ಟಿಗೆ ತಾನೇ ತೀರ್ಮಾನಿಸುತ್ತದೆ. ಕ್ಯಾಲ್ಸಿಟ್ರಿಯಾಲ್ ನೇರವಾಗಿ ಕೆಲಸಕ್ಕಿಳಿಯುತ್ತದೆ, ತಡೆಯುವವರು ಯಾರೂ ಇಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಕಿಡ್ನಿಯ ರಕ್ತನಾಳಗಳು ಬಿಗಿಯುತ್ತವೆ, ಮೂತ್ರ ಹೆಚ್ಚಾಗಿ ಹೋಗಿ ಮೈ ಒಣಗುತ್ತದೆ, ಕ್ರಿಯಾಟಿನಿನ್ ಏರುತ್ತದೆ.

ಆ ಗುಳಿಗೆಗಳನ್ನು ನಿಲ್ಲಿಸಿ ಮೂರು ದಿನ ಸಲೈನ್ ಹಚ್ಚಿದರು. ಟ್ಯಾಕ್ರೋಲಿಮಸ್ ಮಟ್ಟ ಸರಿಯಿತ್ತು, ಬಯಾಪ್ಸಿ ಬೇಕಾಗಲಿಲ್ಲ. ನಾಲ್ಕನೆಯ ದಿನ ಕ್ಯಾಲ್ಸಿಯಂ 10.6, ಕ್ರಿಯಾಟಿನಿನ್ 1.3. ಬಿಲ್ಲು 38,000 ರೂಪಾಯಿ ಮೀರಿತು. ಮತ್ತೆ 1.1 ಕಾಣಲು ಐದು ವಾರ ಬೇಕಾದವು, ಆ ಐದು ವಾರದಲ್ಲಿ ನಾನು ಸರಿಯಾಗಿ ನಿದ್ದೆ ಮಾಡಿದ ರಾತ್ರಿಗಳು ಕಡಿಮೆ.

ಬಿಡುಗಡೆಗೆ ಮುಂಚೆ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಮೇಜಿನ ಮೇಲೆ ಹದಿನೈದು ನಿಮಿಷ ಅಲುಗಾಡದೆ ಮಲಗಿದರಾಯಿತು, ನೋವಿಲ್ಲ, ಆಗ 2,800 ರೂಪಾಯಿ ಆಯಿತು. ಅದರಲ್ಲಿ ಬರುವ ಟಿ ಸ್ಕೋರ್ ಋಣ 1ಕ್ಕಿಂತ ಮೇಲಿದ್ದರೆ ಎಲುಬಿನ ಸಾಂದ್ರತೆ ಸರಿಯಿದೆಯೆಂದೂ, ಋಣ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಎಂದೂ ಲೆಕ್ಕ. ನನ್ನದು ಸೊಂಟದ ಸಂದಿಯಲ್ಲಿ ಋಣ 2.1, ಬೆನ್ನುಮೂಳೆಯಲ್ಲಿ ಋಣ 1.8. ಇನ್ನೂ ಮುಟ್ಟು ನಿಲ್ಲದ ಹೆಂಗಸಿಗೆ ಈ ಅಂಕಿ ಒಳ್ಳೆಯದಲ್ಲ ಎಂದರು. ಆದರೆ ಎಲುಬು ಗಟ್ಟಿ ಮಾಡುವ ಬೇರೆ ಔಷಧಿಗೆ ಹೋಗುವ ಮೊದಲು ವಿಟಮಿನ್ ಡಿ ಸರಿಯಾಗಬೇಕು, ಅದಿಲ್ಲದೆ ಮುಂದಿನ ಔಷಧಿ ಕೊಟ್ಟರೆ ಕ್ಯಾಲ್ಸಿಯಂ ಒಮ್ಮೆಗೇ ಕುಸಿಯಬಹುದು ಎಂದು ತಿಳಿಸಿದರು.

ಅಲ್ಲಿಂದಾಚೆಗಿನ ಚಿಕಿತ್ಸೆ ಬಹಳ ನಿಧಾನದ್ದು. ಇಂಜೆಕ್ಷನ್ನಿನ ಮದ್ದು ಮಾಂಸಖಂಡದಿಂದ ತಿಂಗಳುಗಟ್ಟಲೆ ಸೋಸಿ ಬರುತ್ತಿರುವುದರಿಂದ ಮೂರು ತಿಂಗಳು ಹೊಸದೇನನ್ನೂ ಕೊಡಲಿಲ್ಲ, ಕ್ಯಾಲ್ಸಿಯಂ ಮಾತ್ರ ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ನೋಡಿದರು. ಮೇ ತಿಂಗಳ ಕೊನೆಗೆ 25 ಹೈಡ್ರಾಕ್ಸಿ 21 ಇತ್ತು, ಕ್ಯಾಲ್ಸಿಯಂ 10ಕ್ಕೆ ಇಳಿದಿತ್ತು. ಆಗ 60,000 ಯೂನಿಟ್‌ನ ಕೊಲೆಕ್ಯಾಲ್ಸಿಫೆರಾಲ್ ಪುಡಿಯನ್ನು ಹದಿನೈದು ದಿನಕ್ಕೊಂದರಂತೆ ಆರು ಸಲ, ಬಳಿಕ ತಿಂಗಳಿಗೊಂದರಂತೆ ಹೇಳಿದರು. ಆಗ ಒಂದು ಪೊಟ್ಟಣಕ್ಕೆ ಮೂವತ್ತು ರೂಪಾಯಿಯಷ್ಟಿತ್ತು. ಕಿಡ್ನಿ ಕಸಿಯವರಿಗೆ ಇದುವೇ ಪ್ರಮಾಣವೆಂದು ಯಾರೂ ತಿಳಿಯಬಾರದು, ನನ್ನ ಕ್ಯಾಲ್ಸಿಯಂ ನೋಡಿಕೊಂಡು ನನಗಾಗಿ ಬರೆದದ್ದು ಅದು. ಕ್ಯಾಲ್ಸಿಯಂ ಸರಿಯಾಗಿರುವ ಅನೇಕರಿಗೆ ವಾರಕ್ಕೊಂದರಂತೆ ಎಂಟು ವಾರ ಕೊಡುತ್ತಾರೆ. ಕೆಡಿಗೋ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ 2017ರ ಮಾರ್ಗಸೂಚಿಯೂ, ಕಸಿಯಾದವರಲ್ಲಿ ಕೊರತೆ ಕಂಡರೆ ಉಳಿದ ಜನರಿಗೆ ಮಾಡುವ ರೀತಿಯಲ್ಲೇ ಸರಿಪಡಿಸಿ ಎನ್ನುತ್ತದೆ.

ಗುಳಿಗೆಗಳ ಹೊತ್ತಿನ ಬಗ್ಗೆ ಒಂದು ಮಾತು. ನಿಮಗೆ ಕ್ಯಾಲ್ಸಿಯಂ ಗುಳಿಗೆಯನ್ನೂ ಬರೆದಿದ್ದರೆ ಅದನ್ನು ಕಸಿಯಾದವರು ನುಂಗುವ ಇನ್ನೊಂದು ಪ್ರತಿರೋಧ ಕುಗ್ಗಿಸುವ ಔಷಧಿಯಾದ ಮೈಕೋಫಿನೋಲೇಟ್ ಜೊತೆಗೆ ನುಂಗಬೇಡಿ. ಹಾಗೆ ಮಾಡಿದರೆ ಮೈಕೋಫಿನೋಲೇಟ್ ಸರಿಯಾಗಿ ಮೈಗೆ ಹತ್ತದಿರಬಹುದು. ಎರಡು ತಾಸಾದರೂ ಅಂತರವಿರಲಿ. ಆ್ಯಸಿಡಿಟಿಗೆ ಕುಡಿಯುವ ಬಿಳಿ ಔಷಧಿಗೂ ಇದೇ ಮಾತು ಅನ್ವಯಿಸುತ್ತದೆ. ವಿಟಮಿನ್ ಡಿ ಜಿಡ್ಡಿನಲ್ಲಿ ಕರಗುವುದರಿಂದ ಊಟವಾದ ಮೇಲೆ, ಕಾಯಿಸಿದ ಹಾಲಿನಲ್ಲಿ ಕದಡಿ ಕುಡಿದರೆ ಒಳ್ಳೆಯದು. ಹಸಿ ಹಾಲು ನಮ್ಮಂಥವರಿಗೆ ಸಲ್ಲದು.

ಆಹಾರದಿಂದಲೇ ಈ ಕೊರತೆ ತುಂಬುವುದು ಕಷ್ಟ. ನಮ್ಮ ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯಗಳಲ್ಲಿ ಬೇರೆ ಸತ್ವಗಳಿದ್ದರೂ ವಿಟಮಿನ್ ಡಿ ಇಲ್ಲವೆಂದೇ ಹೇಳಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ವಿಟಮಿನ್ ಡಿ ಅಲ್ಲ. ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ, ಎಣ್ಣೆಯಂಶವಿರುವ ಮೀನಿನಲ್ಲಿ ಹೆಚ್ಚು. ನಾವು ಮೀನು ತಿನ್ನುವವರಲ್ಲ. ಪೂರ್ತಿ ಬೇಯಿಸಿದ ಮೊಟ್ಟೆಯನ್ನು ದಿನ ಬಿಟ್ಟು ದಿನ ತಿನ್ನಲಾರಂಭಿಸಿದೆ. ಬಿಸಿಲಿನ ವಿಷಯದಲ್ಲಿ ಓಣಿಯ ಹಿರಿಯರು ಬೆಳಗಿನ ಎಳೆಬಿಸಿಲಿಗೆ ಕೂರಲು ಹೇಳುತ್ತಾರೆ. ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ಸೂರ್ಯ ಕೆಳಗಿದ್ದಾಗ ಯುವಿಬಿ ನೆಲಕ್ಕೆ ಮುಟ್ಟುವುದು ಬಹಳ ಕಡಿಮೆ; ಅದು ಹೇರಳವಾಗಿರುವ ನಡುಹಗಲಿನ ಬಿಸಿಲು ಕಸಿಯಾದವರಿಗೆ ಒಳ್ಳೆಯದಲ್ಲ. ಈ ಇಕ್ಕಟ್ಟಿನಿಂದಾಗಿಯೇ ನಮ್ಮಂಥವರು ಬಿಸಿಲನ್ನು ನೆಚ್ಚದೆ ಪರೀಕ್ಷೆ ಮಾಡಿಸಿ ಔಷಧಿಯಿಂದ ತುಂಬಿಕೊಳ್ಳುವುದು ಸರಿ ಎಂಬುದು ನನ್ನ ಡಾಕ್ಟರರ ಅಭಿಪ್ರಾಯ, ನನ್ನದೂ ಈಗ ಅದೇ.

ವಿಟಮಿನ್ ಡಿ ಸರಿಯಾದರೆ ಕಸಿ ಕಿಡ್ನಿ ಹೆಚ್ಚು ವರ್ಷ ಬಾಳುತ್ತದೆಯೇ ಎಂದು ನಾನು ಕೇಳಿದ್ದೆ. ಮಟ್ಟ ಕಡಿಮೆಯಿರುವ ಕಸಿಯವರಲ್ಲಿ ಕಿಡ್ನಿಯ ಕೆಲಸ ಬೇಗ ಕುಗ್ಗುವುದನ್ನು ಕೆಲವು ಅಧ್ಯಯನಗಳು ಗುರುತಿಸಿವೆ, ಆದರೆ ಆರೋಗ್ಯ ಕೆಟ್ಟವರು ಹೊರಗೆ ಓಡಾಡುವುದೇ ಕಡಿಮೆಯಾದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಅದರಿಂದ ಹೇಳಲಾಗದು ಎಂದು ಅವರು ವಿವರಿಸಿದರು. ಫ್ರಾನ್ಸಿನಲ್ಲಿ ವೈಟೇಲ್ ಎಂಬ ಪ್ರಯೋಗದಲ್ಲಿ ಕಸಿಯಾದ ಒಂದು ಗುಂಪಿಗೆ 1,00,000 ಯೂನಿಟ್, ಇನ್ನೊಂದು ಗುಂಪಿಗೆ 12,000 ಯೂನಿಟ್ ಪ್ರಮಾಣವನ್ನು ಎರಡು ವರ್ಷ ಕೊಟ್ಟು ನೋಡಿದರಂತೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕ್ಯಾನ್ಸರ್, ಸಾವು, ಇವನ್ನೆಲ್ಲ ಸೇರಿಸಿ ನೋಡಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಎಲುಬು ಮುರಿತ ಮಾತ್ರ ಹೆಚ್ಚು ಪ್ರಮಾಣದ ಗುಂಪಿನಲ್ಲಿ ಕಡಿಮೆಯಿತ್ತು. ಈ ಮಾತು ಕೇಳಿ ನನಗೆ ಮೊದಲು ನಿರಾಸೆಯಾಯಿತು. ಬಸ್ಸಿನ ಕಂಬಿಯನ್ನು ಎರಡು ಕೈಯಲ್ಲಿ ಹಿಡಿದು ಜೋತಾಡಿದ ದಿನಗಳು ನೆನಪಾದ ಮೇಲೆ, ಎಲುಬು ಮುರಿಯದೆ ಉಳಿಯುವುದೇ ನನಗೆ ದೊಡ್ಡದಾಗಿ ಕಂಡಿತು.

ಆಗಸ್ಟ್ ಹೊತ್ತಿಗೆ ನೆಲದಿಂದ ಒಬ್ಬಳೇ ಏಳುವಂತಾದೆ. ಅಕ್ಟೋಬರಿನಲ್ಲಿ ಕರಿಹಲಗೆಯ ಮೇಲಿನ ಸಾಲಿಗೆ ಕೈ ನಿಂತಿತು. ಡಿಸೆಂಬರಿನ ವರದಿಯಲ್ಲಿ 25 ಹೈಡ್ರಾಕ್ಸಿ 34, ಕ್ಯಾಲ್ಸಿಯಂ 9.8, ಕ್ರಿಯಾಟಿನಿನ್ 1.1, ಪಿಟಿಎಚ್ 118. ಪಿಟಿಎಚ್ ಇನ್ನೂ ಪೂರ್ತಿ ಇಳಿದಿಲ್ಲ, ಅದನ್ನು ನೋಡುತ್ತಿರಬೇಕು. ಬರುವ ಫೆಬ್ರವರಿಗೆ ಮತ್ತೆ ಡೆಕ್ಸಾ ಸ್ಕ್ಯಾನ್ ಇದೆ, ಎಲುಬಿನ ಬೇರೆ ಔಷಧಿ ಬೇಕೋ ಬೇಡವೋ ಅಂದು ತೀರ್ಮಾನವಾಗುತ್ತದೆ. ಈಗ ನನ್ನ ಕಡತದ ಮೊದಲ ಪುಟದಲ್ಲಿ ನಾಲ್ಕು ಪರೀಕ್ಷೆಗಳ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಯಾವ ದವಾಖಾನೆಗೆ ಹೋದರೂ ಮೊದಲು ಆ ಪುಟ ತೆರೆದಿಡುತ್ತೇನೆ. ಕಸಿಯ ಆಸ್ಪತ್ರೆಗೆ ಸಂದೇಶ ಕಳುಹಿಸಿ ಉತ್ತರ ಬರುವವರೆಗೆ ಹೊಸ ಔಷಧಿಯನ್ನು ಬಾಯಿಗೆ ಹಾಕುವುದಿಲ್ಲ.

ಕೊನೆಯದಾಗಿ ದಾನಿಗಳ ವಿಷಯ. ಒಂದು ಕಿಡ್ನಿ ಕೊಟ್ಟವರಲ್ಲಿ ಕ್ಯಾಲ್ಸಿಟ್ರಿಯಾಲ್ ಕೊಂಚ ತಗ್ಗಿ, ಪಿಟಿಎಚ್ ಕೊಂಚ ಏರುವುದು ಉಂಟೆಂದು ಡಾಕ್ಟರು ಹೇಳಿದ್ದು ಕೇಳಿ ಅವ್ವನಿಗೂ ಪರೀಕ್ಷೆ ಮಾಡಿಸಿದೆವು. ಎರಡು ವರ್ಷದಿಂದ ಆಕೆಯ ಕ್ರಿಯಾಟಿನಿನ್ ಬಿಟ್ಟು ನಾವು ಬೇರೇನನ್ನೂ ನೋಡಿಸಿರಲಿಲ್ಲ. ವಿಟಮಿನ್ ಡಿ 13 ಇತ್ತು. ಮೊಣಕಾಲು ನೋವೆಂದು ಆಕೆ ಹೇಳುತ್ತಿದ್ದುದನ್ನು ವಯಸ್ಸಿನ ನೋವೆಂದು ನಾವೆಲ್ಲ ಬಿಟ್ಟುಬಿಟ್ಟಿದ್ದೆವು. ಆಕೆಯ ಕ್ಯಾಲ್ಸಿಯಂ, ಪಿಟಿಎಚ್ ನೋಡಿದ ಮೇಲೆ ವಾರಕ್ಕೊಂದು ಪೊಟ್ಟಣ ಬರೆದರು. ಈಗ ಭಾನುವಾರ ರಾತ್ರಿ ಊಟವಾದ ಮೇಲೆ ಹಾಲು ಕಾಯಿಸಿ ಲೋಟಕ್ಕೆ ಹಾಕಿ, ಪೊಟ್ಟಣ ಹರಿದು ಪುಡಿ ಕದಡಿ ಆಕೆಗೆ ಕೊಡುತ್ತೇನೆ, ತಳದಲ್ಲಿ ಉಳಿದ ಕಾಳುಗಳಿಗೆ ಮತ್ತಷ್ಟು ಹಾಲು ಹಾಕಿ ಅದನ್ನೂ ಕುಡಿಸುತ್ತೇನೆ. ನನ್ನ ಸರದಿ ತಿಂಗಳ ಮೊದಲ ಭಾನುವಾರ. ಅಂದು ಅವ್ವ ಎರಡು ಲೋಟ ತೆಗೆದಿಡುತ್ತಾಳೆ.